ಪಾಚಿಯ ಮೂಗು ನೋಡುವ ಮೋಹಿನಿಯಕ್ಕ

ಬೆಳಿಗ್ಗೆ ಆರೂಕಾಲು. ಅಳದಂಗಡಿಯಿಂದ ಎರಡು ಮೈಲಿ ಒಳಗೆ, ಕಾಡು ಶುರುವಾಗುವಲ್ಲಿ ಒಂದು ತೋಡು, ಸಣ್ಣ ಹಳ್ಳ. ತೋಡಿನ ನಡುವೆ ಎಮ್ಮೆ ಮಲಗಿದ ಹಾಗೆ ಒಂದು ಬಂಡೆ. ಆ ಬಂಡೆಯ ಮೇಲೆ ಒಬ್ಬ ಹೆಂಗಸು ಬೋರಲಾಗಿ ಮಲಗಿದ್ದಾರೆ. ನೈಟಿಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ, ತಲೆಗೆ ಸುತ್ತಿದ ಬೈರಾಸು, ಕಾಲಿಗೆ ರಬ್ಬರ್ ಚಪ್ಪಲಿ. ದಾರಿಯಲ್ಲಿ ಹೋಗುವವರು ನೋಡಿದರೆ ಯಾರೋ ತಲೆ ತಿರುಗಿ ಬಿದ್ದಿದ್ದಾರೆಂದು ಓಡಿ ಬರಬೇಕು. ಹಾಗೆ ಬಂದವರೂ ಇದ್ದಾರೆ. ಒಮ್ಮೆ ಡೈರಿಗೆ ಹಾಲು ಕೊಡಲು ಹೊರಟಿದ್ದ ಒಬ್ಬಾತ ಕ್ಯಾನನ್ನು ದಾರಿಯಲ್ಲೇ ಇಟ್ಟು ಓಡಿ ಬಂದು, "ಅಕ್ಕಾ, ಎಂಥ ಆಯ್ತು ನಿಮಗೆ?" ಎಂದು ಕೇಳಿದನಂತೆ.

"ಶ್! ಉಸಿರು ಬಿಡ್ಬೇಡ ಮಾರಾಯ, ಟೊಪ್ಪಿ ಹಾರ್ತದೆ" ಎಂದರಂತೆ ಇವರು.

ಟೊಪ್ಪಿ ಹಾರುವುದು ಯಾರದ್ದು? ಪಾಚಿಯದ್ದು. ಪಾಚಿಗೆ ಟೊಪ್ಪಿಯೇ ಎಂದು ನಗಬೇಡಿ. ಬಂಡೆಗೆ ಅಂಟಿಕೊಂಡು ಹರಿಯುವ ಹಸಿರು ಪಾಚಿಯ ಮೈಯಿಂದ ಕೂದಲಿನಷ್ಟು ಸಪೂರದ ಒಂದು ಕಡ್ಡಿ ಏಳುತ್ತದೆ. ಕಡ್ಡಿಯ ತುದಿಯಲ್ಲಿ ಎಳ್ಳಿಗಿಂತ ಸಣ್ಣ ಒಂದು ಗಿಂಡಿ. ಅದರ ತಲೆಯ ಮೇಲೆ ನಮ್ಮ ಗದ್ದೆ ಕೆಲಸದವರು ಇಡುವ ಅಡಿಕೆ ಹಾಳೆಯ ಮುಟ್ಟಾಳೆಯಂಥದ್ದೇ ಒಂದು ಟೊಪ್ಪಿ. ಟೊಪ್ಪಿ ಬಿದ್ದರೆ ಒಳಗೆ ಗಿಂಡಿಯ ಮುಚ್ಚಳ. ಮುಚ್ಚಳವೂ ಬಿದ್ದರೆ ಒಳಗಿನ ಬೀಜದ ಪುಡಿ ಗಾಳಿಗೆ ಹಾರುತ್ತದೆ. ಅಲ್ಲಿಗೆ ಆ ವರ್ಷದ ಕಥೆ ಮುಗಿಯಿತು. ಓದಿದವರು ಪಾಚಿಗೆ ಹಾವಸೆ ಎನ್ನುತ್ತಾರೆ, ಗಿಂಡಿಗೆ ಕ್ಯಾಪ್ಸೂಲ್ ಎನ್ನುತ್ತಾರೆ. ಇವರು ಪಾಚಿ, ಗಿಂಡಿ, ಮುಟ್ಟಾಳೆ ಎಂದೇ ಹೇಳುವುದು. ನಾವೂ ಹಾಗೇ ಹೇಳೋಣ, ಕಣ್ಣಿಗೆ ಕಟ್ಟುತ್ತದೆ.

ಮೋಹಿನಿಗೆ ವಯಸ್ಸು ಐವತ್ತಮೂರು. ಓದಿದ್ದು ಏಳನೇ ಕ್ಲಾಸು. ಮೂವತ್ತೊಂದು ವರ್ಷ ಬೀಡಿ ಕಟ್ಟಿದವರು, ಈಗಲೂ ಬಿಡುವಿದ್ದಾಗ ಕಟ್ಟುತ್ತಾರೆ. ಊರಿನಲ್ಲಿ ಮೋಹಿನಿಯಕ್ಕ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಯ ಕಾಡು, ತೋಡು, ಗೋಡೆ, ಮರದ ಬುಡಗಳಲ್ಲಿ ಯಾವ ಪಾಚಿ ಎಲ್ಲಿ ಹರಿದಿದೆ ಎಂದು ಕೇಳಿದರೆ ನಿದ್ದೆಯಲ್ಲಿಯೂ ಹೇಳುವ ಮನುಷ್ಯ ಇವರೊಬ್ಬರೇ. ಇದನ್ನು ಹೇಳಿದ್ದು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಶೋಧನ್. ಅವರು ಸುಮ್ಮನೆ ಯಾರನ್ನೂ ಹೊಗಳುವವರಲ್ಲ. ಮಕ್ಕಳಿಗೆ ಅಂಕ ಕೊಡುವುದರಲ್ಲೂ ಜುಗ್ಗರು ಎಂದು ಹೆಸರು.

ಬೆಳಗಿನ ಜಾವವೇ ಏಕೆ ಎಂದು ಕೇಳಿದರೆ ಮೋಹಿನಿಯಕ್ಕ ಬಂಡೆಯಿಂದ ತಲೆ ಎತ್ತದೆ ಉತ್ತರ ಕೊಡುತ್ತಾರೆ. "ಇಬ್ಬನಿ ಕುಡಿದಾಗ ಎಲೆ ಬಿಡಿಸಿಕೊಂಡು ಚಂದ ಕೂತಿರ್ತದೆ. ಬಿಸಿಲು ಬಂದ್ರೆ ಮುದುಡಿ ಎಲ್ಲ ಒಂದೇ ನಮೂನೆ ಕಾಣ್ತದೆ. ಮತ್ತೆ ಬಿಸಿಲಿಗೆ ಮುಚ್ಚಳ ಬೀಳುದು. ಒಂಬತ್ತು ಗಂಟೆ ಮೇಲೆ ಬಂದ್ರೆ ಎಂಥ ನೋಡುದು, ನನ್ನ ತಲೆ?"

ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು. ದೂರದ್ದು ಇವರಿಗೆ ಮಸುಕು. ಬಸ್ಸಿನ ಬೋರ್ಡು ಓದಲು ಬರುವುದಿಲ್ಲ, ಪಕ್ಕದವರನ್ನು ಕೇಳಿ ಹತ್ತುತ್ತಾರೆ. ಆದರೆ ಮೂಗಿನ ಹತ್ತಿರ ಹಿಡಿದ ವಸ್ತುವಿನಲ್ಲಿ ಇವರ ಕಣ್ಣಿನಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ. ಕನ್ನಡಿಯನ್ನು ಕಣ್ಣಿಗೆ ಒತ್ತಿ, ಪಾಚಿಯನ್ನು ಕನ್ನಡಿಗೆ ಒತ್ತಿ, ಒಂದು ನಿಮಿಷ ಉಸಿರು ಹಿಡಿಯುತ್ತಾರೆ. ಆಮೇಲೆ ಹೇಳುತ್ತಾರೆ.

"ಮೊದಲು ಕಡ್ಡಿ ಎಲ್ಲಿಂದ ಎದ್ದಿದೆ ನೋಡ್ಬೇಕು. ಕೊಡಿಯಿಂದ, ತುದಿಯಿಂದ ಎದ್ರೆ ಅದು ನಿಲ್ಲುವ ಪಾಚಿ. ಬಗಲಿಂದ ಎದ್ರೆ ಹರಿಯುವ ಪಾಚಿ, ಬಳ್ಳಿಯ ಹಾಗೆ. ಹರಿಯುವುದು ಅಂತ ಆದ್ಮೇಲೆ ಎಲೆ. ಎಲೆ ನಡುವಲ್ಲಿ ನರ ಉಂಟಾ ಇಲ್ವಾ? ಇದ್ರೆ ಅರ್ಧಕ್ಕೆ ನಿಂತದಾ, ತುದಿವರೆಗೆ ಹೋಗಿದಾ? ಅಂಚಲ್ಲಿ ಹಲ್ಲುಂಟಾ? ಎಲೆ ಸಾಲಾಗಿ ಎರಡು ಬದಿ ಮಲಗಿದಾ, ಒಂದೇ ಬದಿಗೆ ತಿರುಗಿದಾ? ಅಷ್ಟು ನೋಡಿದ್ರೆ ಮುಕ್ಕಾಲು ಗೊತ್ತಾಗ್ತದೆ. ಉಳಿದ ಕಾಲು ಗಿಂಡಿ ಹೇಳ್ತದೆ. ಗಿಂಡಿಯ ಮುಚ್ಚಳದ ನಡುವಲ್ಲಿ ಎದ್ದ ಮೂಗು ಉಂಟಲ್ವಾ, ಅದು ಉದ್ದವಾ, ಮೊಂಡಾ ಅಂತ ನೋಡ್ಬೇಕು. ಎಲೆಯಲ್ಲಿ ಒಂದೇ ರೀತಿ ಇದ್ದು ಮೂಗಲ್ಲಿ ಬೇರೆ ಆಗುವವು ಉಂಟು. ಜನರ ಹಾಗೇ."

ಈ ಕಣ್ಣು ಎಲ್ಲಿಂದ ಬಂತು? ನನ್ನನ್ನು ಕೇಳಿದರೆ ಬೀಡಿ ಎಲೆಯಿಂದ. ಬೀಡಿ ಕಟ್ಟುವ ಹೆಂಗಸರನ್ನು ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ಹರಟೆ ಹೊಡೆಯುವವರು ಎಂದು ಮಾತ್ರ ನೋಡುವವರಿಗೆ ಆ ಕೆಲಸ ಗೊತ್ತಿಲ್ಲ. ನೆನೆಸಿದ ಎಲೆಯ ನರ ಎತ್ತ ಹೋಗುತ್ತದೆ, ಎಲ್ಲಿ ದಪ್ಪ, ಎಲ್ಲಿ ಕತ್ತರಿ ಹಾಕಿದರೆ ಸುರುಳಿ ಬಿಚ್ಚುವುದಿಲ್ಲ ಎಂದು ದಿನಕ್ಕೆ ಸಾವಿರ ಸಲ ನಿರ್ಧಾರ ಮಾಡಬೇಕು. ತಪ್ಪಿದರೆ ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಚೆಕ್ಕರ್ ಮುಖದ ಎದುರೇ ಮುರಿದು ಬಿಸಾಡುತ್ತಾನೆ. ಮೂವತ್ತು ವರ್ಷ ಎಲೆಯ ನರ ನೋಡಿದ ಕಣ್ಣಿಗೆ ಪಾಚಿಯ ನರ ಕಂಡರೆ ಆಶ್ಚರ್ಯ ಏನು? ಆಶ್ಚರ್ಯ ಇರುವುದು ಅದನ್ನು ನಾವು ಇಷ್ಟು ದಿನ ಓದು ಎಂದು ಲೆಕ್ಕಕ್ಕೇ ಹಿಡಿಯದೆ ಇದ್ದುದರಲ್ಲಿ.

ಏಳು ವರ್ಷದ ಹಿಂದೆ ಶೋಧನ್ ಮೂರು ತಾಲೂಕಿನ ಪಾಚಿಗಳ ಪಟ್ಟಿ ಮಾಡಲು ಹೊರಟರು. ಅಳದಂಗಡಿ ಕಡೆಯ ತೋಡುಗಳನ್ನು ತೋರಿಸಲು, ಚೀಲ ಹಿಡಿಯಲು ಒಂದು ಜನ ಬೇಕಾಗಿತ್ತು. ಬೀಡಿ ಬ್ರಾಂಚಿನಲ್ಲಿ ವಾರಕ್ಕೆ ಮೂರೇ ದಿನ ಕೆಲಸ ಎಂದಾಗಿದ್ದ ಕಾಲ ಅದು. ಗಂಡ ಧರ್ಮಸ್ಥಳದ ಒಂದು ಲಾಡ್ಜಿನ ಅಡುಗೆಮನೆಯಲ್ಲಿ, ಮನೆಗೆ ಬರುವುದು ತಿಂಗಳಿಗೆ ಎರಡು ಸಲ. ಮೋಹಿನಿಯಕ್ಕ ಚೀಲ ಹಿಡಿಯಲು ಒಪ್ಪಿದರು. ಎರಡು ದಿನ ಬಾಯಿ ಮುಚ್ಚಿ ಚೀಲ ಹಿಡಿದರು. ಮೂರನೇ ದಿನ ಶೋಧನ್ ಎರಡು ಪೊಟ್ಟಣಗಳ ಮೇಲೆ ಒಂದೇ ಹೆಸರು ಬರೆಯುವುದನ್ನು ನೋಡಿ ತಡೆಯಲಾಗಲಿಲ್ಲ.

"ಸರ್, ಇದು ಅದಲ್ಲ."

"ಯಾವುದು ಯಾವುದಲ್ಲ?"

"ಇದಕ್ಕೆ ನರ ಉಂಟು. ಅದಕ್ಕೆ ಇಲ್ಲ."

ಶೋಧನ್ ಕನ್ನಡಿ ಹಿಡಿದು ನೋಡಿದರು. ಆಮೇಲೆ ಕನ್ನಡಿ ಇಲ್ಲದೆ ಇವರನ್ನು ನೋಡಿದರು. "ನೀವು ಬರಿಗಣ್ಣಲ್ಲಿ ನೋಡಿದ್ರಾ ಮೋಹಿನಿಯಕ್ಕ?" ಎಂದು ಕೇಳಿದರಂತೆ. "ಮತ್ತೆ? ಕಣ್ಣು ಇರುದು ಎಂಥಕ್ಕೆ?" ಎಂದರಂತೆ. ಆ ಭೂತಗನ್ನಡಿ ಅಂದಿನಿಂದ ಇವರ ಕುತ್ತಿಗೆಯಲ್ಲಿದೆ.

ಈಗ ಲೆಕ್ಕ ಕೇಳಿ. ಮಳೆಗಾಲ ಮುಗಿದ ಮೇಲೆ ಜನವರಿ ಕಳೆಯುವವರೆಗೆ ವಾರಕ್ಕೆ ನಾಲ್ಕು ದಿನ ಕಾಡು. ಬೆಳಿಗ್ಗೆ ಐದೂವರೆಗೆ ಹೊರಟು ಹತ್ತಕ್ಕೆ ವಾಪಸು. ದಿನಕ್ಕೆ ಏಳೆಂಟು ಕಿಲೋಮೀಟರು ನಡಿಗೆ. ಮೂರೋ ನಾಲ್ಕೋ ಪೊಟ್ಟಣ. ಒಂದೊಂದರ ಮೇಲೂ ಜಾಗ, ದಿನ, ಬಂಡೆಯೋ ಮರವೋ, ಬಿಸಿಲೋ ನೆರಳೋ ಎಂದು ಪೆನ್ಸಿಲಿನಲ್ಲಿ ಬರೆಯಬೇಕು. ಪೊಟ್ಟಣ ಯಾವುದರದ್ದು ಗೊತ್ತಾ? ಮದುವೆ, ಗೃಹಪ್ರವೇಶ, ನೇಮೋತ್ಸವ, ಬ್ರಹ್ಮಕಲಶದ ಆಮಂತ್ರಣ ಕಾಗದಗಳದ್ದು. ನಮ್ಮ ಕಡೆ ಅದಕ್ಕೆ ಬರಗಾಲವಿಲ್ಲ. ಒಂದೇ ಕೈಯಲ್ಲಿ ಮೂರು ಮಡಿಕೆ ಹಾಕಿ, ಉಗುರಿನಲ್ಲಿ ಗೀರಿ, ಅಂಟು ಇಲ್ಲದೆ ಬಿಚ್ಚದ ಹಾಗೆ ಮಡಚುತ್ತಾರೆ. ರಕ್ತ ಹೀರುವ ಉಂಬಳಕ್ಕೆ ಬೀಡಿಯ ಹೊಗೆಸೊಪ್ಪಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಕಾಲಿಗೆ ಉಜ್ಜಿಕೊಳ್ಳುತ್ತಾರೆ. ಆದರೂ ಒಂದು ಬೆಳಿಗ್ಗೆ ಕಾಲಿನಿಂದ ಇಪ್ಪತ್ತೇಳು ಉಂಬಳ ಕಿತ್ತ ದಾಖಲೆ ಇದೆ. "ಎಣಿಸಿದ್ದು ಯಾಕೆ ಅಂದ್ರೆ, ಕೂತು ಮಾಡ್ಲಿಕ್ಕೆ ಬೇರೆ ಎಂಥ ಇತ್ತು?" ಎನ್ನುತ್ತಾರೆ.

ಪಾಣೆಮಂಗಳೂರಿನಲ್ಲಿ ಹೊಳೆ ದಾಟುವ ಹಳೆಯ ಸಂಕದ ಬದಿಯ ಕಲ್ಲಿನಲ್ಲಿ ಮಲಗಿ ನೋಡುತ್ತಿದ್ದಾಗ ಪೊಲೀಸರು ಬಂದು, "ಅಮ್ಮ, ಮನೆಯಲ್ಲಿ ಏನಾದ್ರೂ ಗಲಾಟೆಯಾ? ಹೊಳೆಗೆ ಹಾರುದು ಬೇಡ" ಎಂದು ಸಮಾಧಾನ ಮಾಡಿದ್ದಾರೆ. ಪಾಚಿ ಎಂದರೆ ನಮ್ಮವರಿಗೆ ನೆನಪಾಗುವುದು ಅಂಗಳದಲ್ಲಿ ಜಾರಿ ಬಿದ್ದ ಸೊಂಟ ಮತ್ತು ಬ್ಲೀಚಿಂಗ್ ಪೌಡರ್, ಇವೆರಡೇ. ಅದಕ್ಕೆ ಹೆಸರಿಡುವ ಕೆಲಸ ಯಾರಿಗೆ ಅರ್ಥವಾಗಬೇಕು? ಪಕ್ಕದ ಮನೆಯ ಮೈಮೂನಮ್ಮ, ಇಪ್ಪತ್ತು ವರ್ಷ ಒಂದೇ ಜಗಲಿಯಲ್ಲಿ ಜೊತೆಗೆ ಬೀಡಿ ಕಟ್ಟಿದವರು, ಈಗಲೂ ಬೇಲಿಯಾಚೆಯಿಂದ ಕೂಗುತ್ತಾರೆ. "ಓ ಮೋಹಿನಿ, ಇವತ್ತು ಎಷ್ಟು ಪಾಚಿಗೆ ತೊಟ್ಟಿಲು ತೂಗಿದೆ? ಹೆಸರಿಡುವಾಗ ನಮ್ಮನ್ನೂ ಕರಿ, ಪಾಯಸ ಉಣ್ಣುವ."

ಕಾಲೇಜಿನ ಕಬ್ಬಿಣದ ಕಪಾಟಿನಲ್ಲಿ ಮೋಹಿನಿಯಕ್ಕ ತಂದ ಪೊಟ್ಟಣಗಳ ಸಂಖ್ಯೆ ಹೋದ ವರ್ಷದ ಸೆಪ್ಟೆಂಬರಿಗೆ ಸಾವಿರದ ನಾನೂರ ಹನ್ನೆರಡು. ಪ್ರತಿಯೊಂದರ ಮೇಲೂ ಒಂದು ಚೀಟಿ. ಚೀಟಿಯ ಕೆಳಗೆ ಎರಡು ಸಾಲು. ಒಂದು, 'ಸಂಗ್ರಹಿಸಿದವರು'. ಇನ್ನೊಂದು, 'ಗುರುತಿಸಿದವರು'. ಮೊದಲ ಸಾಲಿನಲ್ಲಿ ಸಾವಿರದ ನಾನೂರ ಹನ್ನೆರಡು ಸಲ ಮೋಹಿನಿ. ಎರಡನೆಯ ಸಾಲಿನಲ್ಲಿ ಒಂದು ಸಲವೂ ಇರಲಿಲ್ಲ. ಅಲ್ಲಿ ಶೋಧನ್ ಹೆಸರು, ಇಲ್ಲವೇ ಅವರು ಕೇಳಿದ ದೊಡ್ಡವರ ಹೆಸರು. ಇದರಲ್ಲಿ ಅರ್ಧಕ್ಕರ್ಧ ಪಾಚಿಗಳನ್ನು ಬಂಡೆಯ ಮೇಲೆಯೇ ಇದು ಇಂಥದ್ದು ಎಂದು ಹೇಳಿ ಕೊಟ್ಟವರು ಯಾರು ಎಂದು ಶೋಧನ್‌ಗೂ ಗೊತ್ತು.

ಮೋಹಿನಿಯಕ್ಕ ಒಂದು ದಿನ ನೇರವಾಗಿಯೇ ಕೇಳಿದರು. "ಸರ್, ಹೆಕ್ಕಿದ್ದು ನಾನು ಅಂತ ಬರೀತೀರಿ. ಹೇಳಿದ್ದು ನಾನು ಅಂತ ಯಾಕೆ ಬರೆಯುದಿಲ್ಲ?"

ಶೋಧನ್ ಕೆಟ್ಟವರಲ್ಲ. ಆದರೆ ಅವರು ಅದುವರೆಗೆ ಅದನ್ನು ಯೋಚಿಸಿಯೇ ಇರಲಿಲ್ಲ, ಅದೇ ಅವರ ತಪ್ಪು. ಗುರುತಿಸಿದವರು ಎಂದರೆ ನಾಳೆ ಯಾರಾದರೂ ಪ್ರಶ್ನೆ ಮಾಡಿದಾಗ ಯಾಕೆ ಎಂದು ಹೇಳಬೇಕಾಗುತ್ತದೆ, ನೋಡಿದ ಗುರುತು ತೋರಿಸಬೇಕಾಗುತ್ತದೆ ಎಂದು ಏನೋ ಸಬೂಬು ಹೇಳಿದರು. ಆಗ ಎದ್ದದ್ದೇ ಬನದ ಗೋಡೆಯ ವಿಷಯ.

ಮೋಹಿನಿಯಕ್ಕನ ಮನೆಯಿಂದ ಒಂದೂವರೆ ಕಿಲೋಮೀಟರು ದೂರದಲ್ಲಿ ಚಿನ್ನಯ್ಯನವರ ಮನೆ. ಹಳೆಯ ಜಮೀನುದಾರರು, ಎಪ್ಪತ್ತು ದಾಟಿದ ಹಿರಿಯರು. ಅವರ ಮನೆತನದ ನಾಗಬನಕ್ಕೆ ಸುತ್ತ ಸೊಂಟದೆತ್ತರದ ಕೆಂಪುಕಲ್ಲಿನ ಗೋಡೆ. ಆ ಗೋಡೆಯ ಉತ್ತರದ ಬದಿಗೆ ರೇಷ್ಮೆ ಹಾಸಿದ ಹಾಗೆ ಒಂದು ಹರಿಯುವ ಪಾಚಿ. ಶೋಧನ್ ಒಮ್ಮೆ ದಾರಿಯಿಂದಲೇ ನೋಡಿ, ಇದು ಎಲ್ಲ ಕಡೆ ಸಿಗುವ ಉದ್ದ ಮೂಗಿನದ್ದು ಎಂದಿದ್ದರು. ಮೋಹಿನಿಯಕ್ಕ ಅಲ್ಲ ಎಂದರು. ಎಲೆಗೆ ನರ ಇಲ್ಲ, ಅಂಚು ನಯ, ಅದೆಲ್ಲ ಸರಿ. ಆದರೆ ಎಲೆ ಒಂದೇ ಬದಿಗೆ ಮಲಗಿದ ರೀತಿ ಬೇರೆ, ಹೊಳಪು ಬೇರೆ. ಇದು ಮೊಂಡು ಮೂಗಿನದ್ದೇ ಇರಬೇಕು, ಮೂರು ತಾಲೂಕಿನಲ್ಲಿ ಇನ್ನೂ ಯಾರಿಗೂ ಸಿಕ್ಕದ್ದು ಎಂದು ಅವರ ವಾದ.

"ಗಿಂಡಿ ತನ್ನಿ ಮೋಹಿನಿಯಕ್ಕ" ಎಂದರು ಶೋಧನ್. "ಮುಚ್ಚಳ ಇರುವ ಗಿಂಡಿ. ನೀವು ಹೇಳಿದ್ದು ಸರಿಯಾದ್ರೆ ಆ ಚೀಟಿಯಲ್ಲಿ ಎರಡನೇ ಸಾಲು ನಿಮ್ಮದು. ಜನವರಿಯಲ್ಲಿ ಪಟ್ಟಿ ಪ್ರೆಸ್ಸಿಗೆ ಹೋಗ್ತದೆ. ಅದರ ಒಳಗೆ."

ಅಕ್ಟೋಬರಿನಿಂದ ವಾರಕ್ಕೆ ಎರಡು ದಿನ ಮೋಹಿನಿಯಕ್ಕ ಆ ಗೋಡೆಯ ಹತ್ತಿರ ನಿಂತರು. ಬನದ ಒಳಗೆ ಕಾಲಿಡಲಿಲ್ಲ, ಹೊರಗಿನಿಂದಲೇ ನೋಡಿದರು. ನಾಗನ ಜಾಗ, ಹೋಗುವ ದಿನ ಮೀನು ತಿನ್ನಬಾರದು. ಈ ಊರಿನವರಿಗೆ ಮೀನು ಬಿಡುವುದೆಂದರೆ ಏನು ಎಂದು ಹೊರಗಿನವರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. "ಎರಡೂವರೆ ತಿಂಗಳು ವಾರಕ್ಕೆ ಎರಡು ದಿನ ಬಂಗುಡೆ ಬಿಟ್ಟದ್ದು ದೇವರಿಗೆ ಅಲ್ಲ, ಪಾಚಿಗೆ. ಯಾರಿಗಾದ್ರೂ ಹೇಳಿದ್ರೆ ಮರ್ಯಾದೆ ಹೋಗ್ತದೆ" ಎಂದು ನಗುತ್ತಾರೆ.

ಮೊದಲು ಬಗಲಿನಿಂದ ಹಸಿರು ಸೂಜಿಗಳು ಎದ್ದವು. ನವೆಂಬರಿನಲ್ಲಿ ತುದಿ ಉಬ್ಬಿತು. ಡಿಸೆಂಬರ್ ಎರಡನೇ ವಾರದ ಭಾನುವಾರಕ್ಕೆ ಗಿಂಡಿ ಹದವಾಗುತ್ತದೆ, ಟೊಪ್ಪಿ ಬಿದ್ದು ಮೂಗು ಕಾಣುತ್ತದೆ, ಮುಚ್ಚಳ ಬೀಳಲು ಇನ್ನೂ ನಾಲ್ಕು ದಿನ ಇರುತ್ತದೆ ಎಂದು ಲೆಕ್ಕ ಹಾಕಿದರು. ಅಲ್ಲಿಯವರೆಗೆ ಒಂದು ಎಳೆಯನ್ನೂ ಕೀಳಲಿಲ್ಲ. ಬನದಿಂದ ಒಂದು ಒಣ ಎಲೆ ತೆಗೆಯುವುದಿದ್ದರೂ ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಅಪ್ಪಣೆ ಕೊಡಬೇಕು. ಅದು ಕ್ರಮ. ಹಾಗಾಗಿ ಶುಕ್ರವಾರ ಚಿನ್ನಯ್ಯನವರ ಅಂಗಳಕ್ಕೆ ಹೋಗಿ ನಿಂತು ಕೇಳಿದರು.

ತಪ್ಪಾದದ್ದು ಇಲ್ಲಿ. ಅಷ್ಟು ದೊಡ್ಡ ಮನೆಯ ಹಿರಿಯರ ಎದುರು, ಅದೂ ದೇವರ ಜಾಗದ ವಿಷಯದಲ್ಲಿ, 'ಪಾಚಿ' ಎನ್ನಲು ಮೋಹಿನಿಯಕ್ಕನ ನಾಲಿಗೆ ಏಳಲಿಲ್ಲ. ನಿಮ್ಮ ಬನಕ್ಕೆ ಪಾಚಿ ಹಿಡಿದಿದೆ ಎಂದರೆ ನೀವು ನೋಡಿಕೊಳ್ಳುತ್ತಿಲ್ಲ ಎಂದ ಹಾಗಾಗುವುದಿಲ್ಲವೇ? ಅದಕ್ಕೆ ನಾಜೂಕಾಗಿ ಹೇಳಿದರು. "ಭಾನುವಾರ ಮೂಡುಬಿದಿರೆ ಕಾಲೇಜಿನ ಸರ್ ಒಬ್ರು ಬನದ ಗೋಡೆ ನೋಡ್ಲಿಕ್ಕೆ ಬರ್ತಾರೆ ಧಣಿ. ಒಂದು ಚಿಟಿಕೆ ತೆಗೀಲಿಕ್ಕುಂಟಂತೆ. ನೀವೊಂದು ಪ್ರಾರ್ಥನೆ ಮಾಡ್ಬೇಕಿತ್ತು."

ಚಿನ್ನಯ್ಯನವರಿಗೆ ಖುಷಿಯೋ ಖುಷಿ. ಮೂಡುಬಿದಿರೆಯ ಕಡೆಯಿಂದ ಓದಿದವರು ಗೋಡೆ ನೋಡಲು ಬರುವುದೆಂದರೆ ಇನ್ನೇನು, ಶಾಸನ! ಹಳೆಯ ಅಕ್ಷರ! ಗೋಡೆಯ ವಯಸ್ಸು ನೋಡಲು ಒಂದು ಚಿಟಿಕೆ ಕಲ್ಲಿನ ಪುಡಿ ತೆಗೆಯುತ್ತಾರೆ. ಆದರೆ ಅಷ್ಟು ಪಾಚಿ ಹಿಡಿದ ಕಲ್ಲಿನಲ್ಲಿ ಅಕ್ಷರ ಕಾಣುವುದು ಹೇಗೆ? ಬಂದವರು ಏನೆಂದುಕೊಂಡಾರು?

ಭಾನುವಾರ ಆರು ಗಂಟೆಗೆ ಮೋಹಿನಿಯಕ್ಕ ಬನಕ್ಕೆ ಹೋದಾಗ ಗೋಡೆ ನಿನ್ನೆ ಮೊನ್ನೆ ಕಟ್ಟಿದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಶನಿವಾರ ಇಡೀ ದಿನ ಇಬ್ಬರು ಆಳು, ಜೀಪು ತೊಳೆಯುವ ಪ್ರೆಶರ್ ಪಂಪು. ಒಂದು ಎಳೆ ಹಸಿರು ಉಳಿದಿರಲಿಲ್ಲ. ಚಿನ್ನಯ್ಯನವರ ಹೆಂಡತಿ ಶಶಿಪ್ರಭಾ ಒಂದು ತಂಬಿಗೆ ನೀರು, ಬೆಲ್ಲದ ತುಂಡು ಹಿಡಿದು ಎದುರು ಬಂದರು.

"ಚಂದ ಆಗಿದೆ ಅಲ್ವಾ ಮೋಹಿನಿ? ಇವರಿಗೆ ರಾತ್ರಿ ನಿದ್ದೆಯೇ ಇಲ್ಲ, ಸರ್ ಬರ್ತಾರೆ ಸರ್ ಬರ್ತಾರೆ ಅಂತ."

ಮೋಹಿನಿಯಕ್ಕ ಅಲ್ಲೇ ನೆಲದ ಮೇಲೆ ಕೂತರು. ಬೆಲ್ಲ ಕೈಯಲ್ಲೇ ಕರಗಿತು. ವಿಷಯ ಗೊತ್ತಾದಾಗ ಚಿನ್ನಯ್ಯನವರು ತಲೆಗೆ ಕೈ ಹೊತ್ತರು. "ಪಾಚಿ ನೋಡ್ಲಿಕ್ಕೆ ಅಂತ ಹೇಳ್ಬೇಕಲ್ವಾ ಮಾರಾಯ್ತಿ! ನಾನು ಪಾಚಿ ಬೆಳೆಸಿಯಾದ್ರೂ ಇಡ್ತಿದ್ದೆ!" ಬೈಗುಳ ಅಲ್ಲ, ಸಂಕಟ. ಆಳುಗಳನ್ನು ಕರೆಸಿ ಕೇಳಿದರು, ತೊಳೆದ ಕೆಸರು ಎಲ್ಲಿ ಹೋಯಿತು? ಎರಡು ಬುಟ್ಟಿ ಬಾಳೆಯ ಬುಡದಲ್ಲಿತ್ತು. "ಬನದ್ದನ್ನು ಸಿಕ್ಕಿದಲ್ಲಿ ಬಿಸಾಡ್ಲಿಕ್ಕುಂಟಾ? ಯಾರೂ ಮೆಟ್ಟದ ಜಾಗ ನೋಡಿ ಹಾಕಿ ಅಂತ ನಾನೇ ಹೇಳಿದ್ದು" ಎಂದರು ಚಿನ್ನಯ್ಯ.

ಒಂಬತ್ತು ಗಂಟೆಗೆ ಬೈಕಿನಲ್ಲಿ ಬಂದ ಶೋಧನ್ ಗೋಡೆ ನೋಡಿದರು, ಬುಟ್ಟಿಗಟ್ಟಲೆ ಕೆಂಪು ರಾಡಿ ನೋಡಿದರು. "ಹೋಗ್ಲಿ ಬಿಡಿ ಮೋಹಿನಿಯಕ್ಕ. ಪಟ್ಟಿಯಲ್ಲಿ ಉದ್ದ ಮೂಗು ಅಂತಲೇ ಹಾಕುವ. ಗೋಡೆಗೆ ಮತ್ತೆ ಬಂದಾಗ ನೋಡುವ" ಎಂದರು.

"ಮತ್ತೆ ಬರ್ಲಿಕ್ಕೆ ಎಷ್ಟು ವರ್ಷ ಬೇಕು ಸರ್?"

ಶೋಧನ್‌ಗೆ ಗೊತ್ತಿರಲಿಲ್ಲ. ಯಾವ ಪುಸ್ತಕದಲ್ಲೂ ಅದು ಇರಲಿಕ್ಕಿಲ್ಲ.

"ಹಾಗಾದ್ರೆ ಈ ರಾಡಿ ನನಗೆ ಕೊಡಿ" ಎಂದರು ಮೋಹಿನಿಯಕ್ಕ.

ಚಿನ್ನಯ್ಯನವರು ಬನದ ಎದುರು ನಿಂತು, ತೆಂಗಿನಕಾಯಿ ಒಡೆದು, ತಿಳಿಯದೆ ಆದದ್ದನ್ನು ಮನ್ನಿಸಬೇಕು, ಈ ಎರಡು ಬುಟ್ಟಿ ಕೆಸರನ್ನು ಈ ಹೆಂಗಸಿಗೆ ಅಪ್ಪಣೆ ಮಾಡಬೇಕು ಎಂದು ಪ್ರಾರ್ಥನೆ ಮಾಡಿದರು. ಆಮೇಲೆ ಶಶಿಪ್ರಭಾರ ಕಡೆ ತಿರುಗಿ, "ರಾಡಿಗೆ ಕಾಯಿ ಒಡೆದವ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರ್ಬೇಕು" ಎಂದರು. ಬುಟ್ಟಿಗಳು ಅವರ ಜೀಪಿನಲ್ಲೇ ಬಂದವು.

ಮೂರು ದಿನ. ಬೀಡಿಯ ತಡ್ಪೆಯನ್ನು ಮಡಿಲಲ್ಲಿ ಇಟ್ಟು, ಪಕ್ಕದಲ್ಲಿ ಒಂದು ಬಿಳಿ ಬಟ್ಟಲಲ್ಲಿ ನೀರು, ಕೈಯಲ್ಲಿ ಹೊಲಿಗೆಯ ಸೂಜಿ. ಒಂದು ಮುಷ್ಟಿ ಕೆಸರು ತೆಗೆಯುವುದು, ನೀರಲ್ಲಿ ಅದ್ದುವುದು, ಎಳೆ ಎಳೆಯಾಗಿ ಬಿಡಿಸುವುದು, ಒಂದೊಂದು ಎಳೆಯ ಬಗಲನ್ನೂ ಕನ್ನಡಿಯಲ್ಲಿ ನೋಡುವುದು. ಪಂಪಿನ ಹೊಡೆತಕ್ಕೆ ಕಡ್ಡಿಗಳು ಮುರಿದು ಹೋಗಿವೆ, ಎಲೆಗಳು ಜಜ್ಜಿವೆ. ಬೇರೆ ಐದಾರು ಪಾಚಿಗಳು ಅದರಲ್ಲಿ ಕಲಸಿಕೊಂಡಿವೆ. ಬಿಡಿ ಗಿಂಡಿ ಸಿಕ್ಕಿದರೆ ಪ್ರಯೋಜನ ಇಲ್ಲ, ಅದು ಯಾವುದರದ್ದು ಎಂದು ಯಾರು ಹೇಳಬೇಕು? ಎಲೆ ಒಂದೇ ಬದಿಗೆ ಮಲಗಿದ ಆ ಎಳೆಗೇ ಅಂಟಿಕೊಂಡ ಗಿಂಡಿ ಬೇಕು, ಮುಚ್ಚಳದ ಸಮೇತ.

ಮೈಮೂನಮ್ಮ ಎರಡನೇ ದಿನ ತಮ್ಮ ತಡ್ಪೆ ಎತ್ತಿಕೊಂಡು ಬಂದರು. "ನಿನಗೆ ತಲೆ ಸರಿ ಇಲ್ಲ. ಸರಿ, ಅರ್ಧ ಇಲ್ಲಿ ಹಾಕು" ಎಂದರು. ಬೈಯುತ್ತಲೇ ಹೆಕ್ಕಿದರು. ಮಂಗಳವಾರ ಮಧ್ಯಾಹ್ನ ಎರಡನೆಯ ಬುಟ್ಟಿಯ ತಳ ಕಾಣುವಾಗ ನಾಲ್ಕು ಗಿಂಡಿ ಸಿಕ್ಕಿದ್ದವು. ಒಂದಕ್ಕೆ ಮುಚ್ಚಳ ಹೋಗಿದೆ. ಒಂದು ಜಜ್ಜಿದೆ. ಎರಡು ಸರಿಯಾಗಿವೆ, ಎಳೆಗೆ ಅಂಟಿಕೊಂಡೇ ಇವೆ. ಮೋಹಿನಿಯಕ್ಕ ಕನ್ನಡಿ ಹಿಡಿದರು. ತುಂಬ ಹೊತ್ತು ಹಿಡಿದರು.

"ಎಂಥ?" ಎಂದರು ಮೈಮೂನಮ್ಮ.

"ಉದ್ದ."

"ಉದ್ದ ಆದ್ರೆ?"

"ಸರ್ ಹೇಳಿದ್ದೇ ಸರಿ. ಇದು ಎಲ್ಲ ಕಡೆ ಇರುವಂಥದ್ದೇ. ಗೋಡೆಯ ಉತ್ತರದ ಬದಿ ನೆರಳಲ್ಲಿ ಇತ್ತಲ್ವಾ, ಅದಕ್ಕೆ ಹೊಳಪು ಜಾಸ್ತಿ."

ಮೈಮೂನಮ್ಮ ತಡ್ಪೆ ಕೆಳಗಿಟ್ಟರು. ಆಮೇಲೆ ಧ್ವನಿ ತಗ್ಗಿಸಿ ಹೇಳಿದರು. "ನೋಡು, ಕೆಸರಲ್ಲಿ ಎಂಥದೂ ಸಿಕ್ಲಿಲ್ಲ ಅಂತ ಹೇಳು. ಆಗ ನೀನು ಹೇಳಿದ್ದು ತಪ್ಪು ಅಂತಲೂ ಆಗುದಿಲ್ಲ. ಯಾರು ನೋಡಿದ್ದು?"

"ನಾನು ನೋಡಿದ್ದೇನಲ್ಲ" ಎಂದರು ಮೋಹಿನಿಯಕ್ಕ.

ಬುಧವಾರ ಬೆಳಿಗ್ಗೆ ಗಿಂಡಿಗಳನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿಸಿ, ಗುರುವಾಯನಕೆರೆಗೆ ಒಂದು ಬಸ್ಸು, ಅಲ್ಲಿಂದ ವೇಣೂರಿನ ಮೇಲೆ ಮೂಡುಬಿದಿರೆಗೆ ಇನ್ನೊಂದು ಬಸ್ಸು. ಸೀಟು ಸಿಗಲಿಲ್ಲ. ಪೆಟ್ಟಿಗೆ ಅಲುಗಾಡದ ಹಾಗೆ ಎದೆಗೆ ಒತ್ತಿ ಹಿಡಿದು ನಿಂತೇ ಹೋದರು. ಶೋಧನ್ ಕ್ಲಾಸು ಮುಗಿಸಿ ಬರುವವರೆಗೆ ಪ್ರಯೋಗಾಲಯದ ಸ್ಟೂಲಿನಲ್ಲಿ ಕೂತರು. ಅವರು ಬಂದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು.

"ಉದ್ದ ಮೂಗು" ಎಂದರು ಶೋಧನ್, ಮೆಲ್ಲಗೆ.

"ಹೌದು ಸರ್. ನಾನು ಹೇಳಿದ್ದು ತಪ್ಪು. ನಿನ್ನೆಯೇ ಗೊತ್ತಾಯ್ತು."

"ನಿನ್ನೆಯೇ ಗೊತ್ತಾಗಿ ಇಷ್ಟು ದೂರ ತಂದ್ರಾ?"

"ಗೊತ್ತಾದ್ಮೇಲೆ ತರದೆ ಇಟ್ಟುಕೊಂಡು ಎಂಥ ಮಾಡುದು?"

ಶೋಧನ್ ಚೀಟಿ ತೆಗೆದರು. ಜಾಗ ಬರೆದರು, ದಿನ ಬರೆದರು. 'ಸಂಗ್ರಹಿಸಿದವರು' ಎಂಬಲ್ಲಿ ಮೋಹಿನಿ ಎಂದು ಬರೆದರು. ಪೆನ್ನು ಎರಡನೆಯ ಸಾಲಿಗೆ ಬಂದಾಗ ಮೋಹಿನಿಯಕ್ಕ ಚೀಟಿಯ ಮೇಲೆ ಬೆರಳು ಇಟ್ಟರು. ಬೆರಳಿನ ಉಗುರುಗಳಲ್ಲಿ ಇನ್ನೂ ಕೆಂಪು ಮಣ್ಣು.

"ಸರ್, ಬೇಜಾರು ಮಾಡ್ಬೇಡಿ. ಹೇಳಿದ್ದು ಸರಿಯಾದ್ರೆ ಮಾತ್ರ ಅಂತ ನೀವು ಮೊದಲೇ ಹೇಳಿದ್ದೀರಿ, ನನಗೆ ನೆನಪುಂಟು. ನಾನು ಮೊದಲು ಹೇಳಿದ್ದು ತಪ್ಪು, ನೀವು ಹೇಳಿದ್ದು ಸರಿ. ಆದ್ರೆ ನೀವು ದಾರಿಯಲ್ಲಿ ನಿಂತು ಗೋಡೆ ನೋಡಿ ಹೇಳಿದ್ದು. ಮೂಗು ನೋಡಿ ಹೇಳಿದ್ದು ನಾನು."

ಇದನ್ನು ಹೇಳುವಾಗ ಶೋಧನ್ ಈಗಲೂ ನಗುತ್ತಾರೆ, ಆದರೆ ಅಂದು ನಗಲಿಲ್ಲವಂತೆ. ಪೆನ್ನನ್ನು ತಿರುಗಿಸಿ ಮೋಹಿನಿಯಕ್ಕನ ಕೈಗೆ ಕೊಟ್ಟರು. ಅವರು ಎದ್ದು ನಿಂತು, ಚೀಟಿಯ ಮೇಲೆ ಬಗ್ಗಿ, ಏಳನೇ ಕ್ಲಾಸಿನ ಗುಂಡಗಿನ ಅಕ್ಷರದಲ್ಲಿ 'ಗುರುತಿಸಿದವರು' ಎಂಬುದರ ಮುಂದೆ ತಮ್ಮ ಹೆಸರು ಬರೆದರು. ಒಂದೇ ಒಂದು ಚೀಟಿ. ಅಪರೂಪದ್ದೇನೂ ಅಲ್ಲ, ಎಲ್ಲ ಕಡೆ ಸಿಗುವ ಪಾಚಿಯದ್ದು.

ಆ ಒಂದು ಚೀಟಿ ಹೋಗಿ ಈ ವರ್ಷಕ್ಕೆ ಅರವತ್ತನಾಲ್ಕಾಗಿದೆ. ಈಗ ಮನಸ್ಸಿಗೆ ಸಮಾಧಾನ ಆಯಿತಾ ಎಂದು ಕೇಳಿದೆ. ಮೋಹಿನಿಯಕ್ಕ ಬಂಡೆಯ ಮೇಲೆ ಮಗ್ಗುಲು ಬದಲಿಸಿದರು.

"ಸಮಾಧಾನ ಎಲ್ಲಿದ್ದು ಮಾರಾಯ್ರೆ, ಹೆದರಿಕೆ ಜಾಸ್ತಿ ಆಯ್ತು. ಮೊದಲು ತಪ್ಪಾದ್ರೆ ಸರ್‌ನ್ನು ಕೇಳ್ತಿದ್ರು. ಇನ್ನು ನನ್ನನ್ನೇ ಕೇಳ್ಬೇಕು." ಕನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡರು. "ಕೇಳ್ಲಿ. ನೋಡಿ ಹೇಳ್ತೇನೆ."